ಮಳೆಗಾಲದ ಕೈತೋಟದಲ್ಲಿ ಶಂಖದ ಹುಳುವಿನ ಕಾಟ ಇಳಿಸುವ ಬಗೆ

ಸಂಜೆ ನೆಟ್ಟಗಿದ್ದ ಬೀನ್ಸ್, ಬೆಂಡೆ, ಹರಿವೆ ಸಸಿಗಳು ಬೆಳಗಾಗುವುದರೊಳಗೆ ಬರೀ ಮೋಟು ಕಾಂಡವಾಗಿದ್ದರೆ ಮೊದಲು ಮಣ್ಣಿನ ಮೇಲೆ ನೋಡಿ. ಒಣಗಿ ಹೊಳೆಯುವ ಲೋಳೆಯ ಜಾಡು ಇದ್ದರೆ ಅದು ಬಸವನಹುಳುವಿನ ಕೆಲಸ. ಕಂಬಳಿಹುಳು ತಿಂದಲ್ಲಿ ಲೋಳೆ ಇರುವುದಿಲ್ಲ.

ನಮ್ಮ ತೋಟಗಳಲ್ಲಿ ಹೆಚ್ಚು ಹಾನಿ ಮಾಡುವುದು ಆಫ್ರಿಕನ್ ದೈತ್ಯ ಬಸವನಹುಳು, ಅಂದರೆ ಹಲವರು ಶಂಖದ ಹುಳು ಎನ್ನುವುದು. ಪೂರ್ವ ಆಫ್ರಿಕಾ ಮೂಲದ ಇದು 1847ರಲ್ಲಿ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ಬಂತು. ಚೂಪು ತುದಿಯ ಚಿಪ್ಪು, ಅದರ ಮೇಲೆ ಕಂದು ಪಟ್ಟೆ, ಸಾಮಾನ್ಯವಾಗಿ 5ರಿಂದ 10 ಸೆಂ.ಮೀ. ಉದ್ದ. ಮಲೆನಾಡು, ಕೊಡಗಿನ ಕಡೆ ತೆಳು ಚಿಪ್ಪಿನ, ಕೆಂಪು ಅಥವಾ ಕಿತ್ತಳೆ ಮೈಯ ಬಸವನಹುಳು ಕಂಡರೆ ಅದು ಪಶ್ಚಿಮಘಟ್ಟದ್ದೇ ಜೀವಿ. ಅದನ್ನು ಅದರ ಪಾಡಿಗೆ ಬಿಡಿ.

ಶಂಖದ ಹುಳುವಿನಲ್ಲಿ ಗಂಡು ಹೆಣ್ಣು ಬೇರೆಬೇರೆ ಇಲ್ಲ, ಪ್ರತಿಯೊಂದೂ ಮೊಟ್ಟೆ ಇಡುತ್ತದೆ. ಒಂದು ಸಲ ಕೂಡಿದರೆ ಸಾಕು, ತಿಂಗಳುಗಟ್ಟಲೆ ಮತ್ತೆ ಮತ್ತೆ ಇಡಬಲ್ಲದು, ಒಂದೊಂದು ಸಲಕ್ಕೆ ನೂರಕ್ಕೂ ಹೆಚ್ಚು. ಹೀಗಾಗಿ ಎರಡು ದಿನ ಹಿಡಿದು ಸುಮ್ಮನಾದರೆ ಏನೂ ಆಗುವುದಿಲ್ಲ. ಮುಂಗಾರಿನ ಮೊದಲ ಮಳೆಯಿಂದ ನಾಲ್ಕೈದು ವಾರ ಬಿಡದೆ ಹಿಡಿಯಬೇಕು, ಜೊತೆಗೆ ಮೊಟ್ಟೆಯನ್ನೂ ಹುಡುಕಬೇಕು. ಸುಣ್ಣ, ಬೂದಿ, ಔಷಧಿ ಎಲ್ಲ ಆಮೇಲಿನ ಮಾತು.

ಹಿಡಿಯುವುದು

ಕತ್ತಲಾದ ಒಂದೆರಡು ಗಂಟೆಗೆ, ಇಲ್ಲವೇ ಸೂರ್ಯೋದಯಕ್ಕೆ ಮುಂಚೆ ಟಾರ್ಚ್ ಹಿಡಿದು ಹೋಗಿ. ಮಳೆ ನಿಂತ ರಾತ್ರಿ ಅತಿ ಹೆಚ್ಚು ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಲೇಬಾರದು. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಜಂತುವಿನ ಮರಿ ಈ ಹುಳುವಿನಲ್ಲಿ ಇರಬಹುದು. ಅದು ಮನುಷ್ಯರ ಹೊಟ್ಟೆ ಸೇರಿದರೆ ಮಿದುಳಿನ ಪೊರೆಯ ಉರಿಯೂತ ಬರಬಹುದು. ರಬ್ಬರ್ ಗ್ಲೌಸ್ ಅಥವಾ ಇಕ್ಕಳ ಬಳಸಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಮಕ್ಕಳಿಗೆ ಆಡಲು ಕೊಡಬೇಡಿ. ಹುಳು ಓಡಾಡಿದ ಮಡಿಯ ಸೊಪ್ಪನ್ನು ಒಂದೊಂದೇ ಎಲೆ ತೊಳೆದು, ಬೇಯಿಸಿಯೇ ತಿನ್ನಿ.

ಹುಡುಕುವ ಕೆಲಸ ಕಡಿಮೆ ಮಾಡಿಕೊಳ್ಳಲು ಗೋಣಿಚೀಲದ ಬಲೆ ಒಳ್ಳೆಯದು. ಸಂಜೆ ಗೋಣಿಚೀಲವನ್ನು ನೀರಿನಲ್ಲಿ ಅದ್ದಿ ಹಿಂಡಿ, ಸಸಿಗಳಿಂದ ಒಂದೆರಡು ಮೀಟರ್ ದೂರ ಹಾಸಿ. ಅಡಿಯಲ್ಲಿ ಪಪ್ಪಾಯಿ ಎಲೆ, ಪಪ್ಪಾಯಿ ಕಾಂಡದ ಚೂರು ಅಥವಾ ಎಲೆಕೋಸಿನ ಹೊರಗಿನ ಎಲೆ ಇಡಿ. ಬಿಸಿಲೇರುವ ಮುಂಚೆ ಎತ್ತಿದರೆ ಹುಳುಗಳು ಅಲ್ಲೇ ಅಂಟಿಕೊಂಡಿರುತ್ತವೆ. ದಿನವೂ ಎತ್ತಿ ಖಾಲಿ ಮಾಡದಿದ್ದರೆ ಮಾತ್ರ ನೀವೇ ಅವಕ್ಕೆ ತಂಪಾದ ಮನೆ ಕಟ್ಟಿಕೊಟ್ಟ ಹಾಗಾಗುತ್ತದೆ.

ಹಿಡಿದವನ್ನು ಬಕೆಟ್‌ಗೆ ಹಾಕಿ ಮುಳುಗುವಷ್ಟು ಕುದಿಯುವ ನೀರು ಸುರಿಯಿರಿ, ತಕ್ಷಣ ಸಾಯುತ್ತವೆ. ಪ್ಲಾಸ್ಟಿಕ್ ಬದಲು ಹಳೆಯ ಲೋಹದ ಬಕೆಟ್ ಇರಲಿ. ಅದಾಗದಿದ್ದರೆ ಲೀಟರ್ ನೀರಿಗೆ 250 ಗ್ರಾಂ ಕಲ್ಲುಪ್ಪು ಕರಗಿಸಿ, ಮುಚ್ಚಳ ಮುಚ್ಚಿ ಮಾರನೆ ದಿನದವರೆಗೆ ಬಿಡಿ. ಇದು ನಿಧಾನ. ಬರೀ ತಣ್ಣೀರಿಗೆ ಹಾಕಿದರೆ ಹತ್ತಿ ಹೊರಬರುತ್ತವೆ. ಸತ್ತವನ್ನು ಒಂದೂವರೆ ಅಡಿ ಗುಂಡಿಯಲ್ಲಿ ಸುಣ್ಣ ಉದುರಿಸಿ ಹೂಳಬೇಕು. ಉಪ್ಪುನೀರನ್ನು ಮಣ್ಣಿಗೆ, ಗೊಬ್ಬರದ ಗುಂಡಿಗೆ ಚೆಲ್ಲಬೇಡಿ. ಮಡಿಯ ಮೇಲೆ ಉಪ್ಪು ಎರಚುವುದಂತೂ ಬೇಡವೇ ಬೇಡ: ಎರೆಹುಳುವೂ ಹೋಗುತ್ತದೆ, ಗಿಡದ ಬೇರೂ ಸುಡುತ್ತದೆ. ಜೀವಂತ ಹುಳುಗಳನ್ನು ಪಕ್ಕದ ಖಾಲಿ ಸೈಟಿಗೆ ಎಸೆದರೆ ಅವು ಗೋಡೆ ಹತ್ತಿ ವಾಪಸ್ ಬರುತ್ತವೆ.

ಮೊಟ್ಟೆಗಳು ಕುಂಡದ ಅಡಿ, ಇಟ್ಟಿಗೆಯ ಅಂಚು, ಸಡಿಲ ಗೊಬ್ಬರದ ಮಣ್ಣಿನಲ್ಲಿ ಕೆಲವೇ ಸೆಂ.ಮೀ. ಆಳದಲ್ಲಿ ಗುಂಪಾಗಿರುತ್ತವೆ. ಒಂದೊಂದೂ ಸಬ್ಬಕ್ಕಿ ಗಾತ್ರ, ನಸುಹಳದಿ ಬಿಳುಪು. ಇವನ್ನೂ ಬಿಸಿನೀರಿಗೇ ಹಾಕಿ. ಎರಡು ವಾರದೊಳಗೆ ಒಡೆಯುವುದರಿಂದ ವಾರಕ್ಕೊಮ್ಮೆ ಕುಂಡಗಳನ್ನು ಎತ್ತಿ ನೋಡಿದರೆ ಸಾಕು. ನರ್ಸರಿಯಿಂದ ತಂದ ಗಿಡ, ಲೋಡಿನಲ್ಲಿ ಬಂದ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರದ ಜೊತೆಗೂ ಬರುತ್ತವೆ. ಕುಂಡದ ತಳದ ತೂತನ್ನು ಇಣುಕಿ ನೋಡದೆ ಒಳಗೆ ತರಬೇಡಿ.

ತಡೆಯುವುದು

ನೀರನ್ನು ಸಂಜೆಯ ಬದಲು ಬೆಳಿಗ್ಗೆ ಹಾಕಿ. ರಾತ್ರಿ ಮಣ್ಣಿನ ಮೇಲ್ಪದರ ಒಣಗಿದ್ದರೆ ಹುಳುವಿನ ಓಡಾಟ ಕಡಿಮೆಯಾಗುತ್ತದೆ. ಒಡೆದ ಹೆಂಚು, ಪೇರಿಸಿದ ಇಟ್ಟಿಗೆ, ಖಾಲಿ ಕುಂಡಗಳ ರಾಶಿ ತೆಗೆಯಿರಿ. ಮುಚ್ಚಿಗೆಯ ತರಗೆಲೆಯನ್ನು ಎಳೆ ಸಸಿಯಿಂದ ಒಂದು ಗೇಣು ದೂರ ಸರಿಸಿ.

ಸುಣ್ಣದ ಪುಡಿಯನ್ನು ಮಡಿಯ ಸುತ್ತ ನಾಲ್ಕು ಬೆರಳಗಲ ಹಾಕಿದರೆ ಹುಳು ದಾಟುವುದಿಲ್ಲ. ಆದರೆ ಪುಡಿ ಹೊಸದೂ ಒಣಗಿದ್ದೂ ಆಗಿರಬೇಕು. ಒಂದು ಮಳೆಗೆ ಅದರ ಶಕ್ತಿ ಮುಗಿಯಿತು. ಗಾಳಿಗೆ ಹಳತಾದ ಸುಣ್ಣ ಸುಡುವುದಿಲ್ಲ, ಬದಲಿಗೆ ಹುಳುವಿಗೆ ಚಿಪ್ಪು ಕಟ್ಟುವ ಆಹಾರವಾಗುತ್ತದೆ. ಸುಣ್ಣ ಬಳಿದ ಹಳೆಯ ಗೋಡೆಗೆ ಅವು ಹತ್ತುವುದು ಇದಕ್ಕೇ. ಮೊಟ್ಟೆಚಿಪ್ಪು ಸುತ್ತ ಹಾಕುವ ಸಲಹೆಯೂ ಇದೇ ಕಾರಣಕ್ಕೆ ನಂಬುವಂಥದ್ದಲ್ಲ.

ಪಪ್ಪಾಯಿ, ಅಡಿಕೆಯಂಥ ಗಟ್ಟಿ ಕಾಂಡಕ್ಕೆ ಬೋರ್ಡೋ ಮುಲಾಮು ಹೆಚ್ಚು ದಿನ ನಿಲ್ಲುತ್ತದೆ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ, ಎರಡನ್ನೂ ಪ್ಲಾಸ್ಟಿಕ್ ಪಾತ್ರೆಯಲ್ಲೇ ಬೇರೆಬೇರೆ ಕರಗಿಸಿ, ಕಲಕುತ್ತಾ ಸೇರಿಸಿ. ಹೊಳೆಯುವ ಕಬ್ಬಿಣದ ಬ್ಲೇಡ್ ಅದ್ದಿ ನೋಡಿ. ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಬುಡದಲ್ಲಿ ಒಂದು ಗೇಣು ಅಗಲದ ಪಟ್ಟಿ ಬಳಿಯಿರಿ. ನೇತಾಡುವ ಎಲೆ ನೆಲ ಮುಟ್ಟುತ್ತಿದ್ದರೆ ಹುಳು ಅದನ್ನೇ ಹಿಡಿದು ಹತ್ತುತ್ತದೆ, ಕತ್ತರಿಸಿ.

ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಹುಳುವನ್ನು ಕೊಲ್ಲುತ್ತದೆ, ನಿಜ. ಆದರೆ ನಾಯಿ, ಬೆಕ್ಕು ತಿಂದರೆ ನಡುಕ, ಫಿಟ್ಸ್ ಬಂದು ಸಾಯಬಹುದು. ಸಾಕುಪ್ರಾಣಿ ಅಥವಾ ಪುಟ್ಟ ಮಕ್ಕಳಿರುವ ಮನೆಗೆ ಇದು ಬೇಡ. ಶಂಖದ ಹುಳುವನ್ನು ಒಡೆದು ತಿನ್ನುವ ಕೆಂಬೂತ ನಿಮ್ಮ ಕಡೆ ಇದ್ದರೆ ಬೇಲಿಯ ಪೊದೆಯನ್ನು ಪೂರ್ತಿ ಸವರಬೇಡಿ, ಅದು ಓಡಾಡುವುದು ಅಲ್ಲೇ.

ಮಳೆ ನಿಂತು ನೆಲ ಒಣಗಿದಾಗ ಹುಳುಗಳು ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿಕೊಂಡು ಗೋಡೆಯ ಸಂದಿ, ನೀರಿನ ತೊಟ್ಟಿಯ ಹಿಂಬದಿ, ಮರದ ಬುಡದಲ್ಲಿ ಅಲುಗಾಡದೆ ಕೂರುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುನ್ನ, ಈ ಜಾಗಗಳನ್ನೆಲ್ಲ ಹಗಲಲ್ಲೇ ತಡಕಿ ಆರಿಸಿ. ಆಗ ಸಿಕ್ಕುವ ಒಂದೊಂದು ದೊಡ್ಡ ಹುಳುವೂ ಜೂನ್‌ನಲ್ಲಿ ಮೊಟ್ಟೆ ಇಡಬೇಕಾಗಿದ್ದದ್ದು.