ಒಂದರಿಂದ ಮೂರನೇ ಕ್ಲಾಸ್ ಮಕ್ಳಿಗೆ ವರ್ಷಪೂರ್ತಿ ಡ್ರಾಯಿಂಗ್ ಪೀರಿಯಡ್‌ನಲ್ಲಿ ಏನೇನ್ ಮಾಡಿಸ್ಬೋದು

ಜೂನ್‌ನಲ್ಲಿ ಸ್ಕೂಲ್ ಶುರುವಾದ ತಕ್ಷಣ ಚಿತ್ರ ಬರೀರಿ ಅನ್ಬೇಡಿ, ಮಳೆ ಬಿದ್ದು ಎಲೆ ಚಿಗುರಿರತ್ತೆ, ಎಲೆ ಹಿಂಭಾಗಕ್ಕೆ ಬಣ್ಣ ಹಚ್ಚಿ ಪೇಪರ್ ಮೇಲೆ ಒತ್ಸಿ, ನರ ಎದ್ದಿರೋದು ಆ ಕಡೆನೇ. ಬೆಂಡೆಕಾಯಿ ಅಡ್ಡ ಕತ್ತರಿಸಿದ್ರೆ ಹೂವಿನ ಅಚ್ಚು ರೆಡಿ, ಚಾಕು ಮಾತ್ರ ನಿಮ್ ಕೈಲೇ ಇರ್ಲಿ.

ಗಣೇಶನ ಹಬ್ಬಕ್ಕೆ ಮಣ್ಣು. ಜೇಡಿಮಣ್ಣು ತಂದು ಕಲ್ಲು ಕಡ್ಡಿ ಆರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಒದ್ದೆ ಬಟ್ಟೆ ಸುತ್ತಿ ಒಂದ್ ರಾತ್ರಿ ಇಡಿ. ಮೊದಲ್ನೇ ವರ್ಷ ನಾನು ನೀರು ಜಾಸ್ತಿ ಹಾಕ್ಬಿಟ್ಟು, ಬೆಳಿಗ್ಗೆ ಬಂದು ನೋಡಿದ್ರೆ ಅರ್ಧ ಗಣಪತಿಗಳಿಗೆ ಸೊಂಡಿಲೇ ಇಲ್ಲ, ಒಬ್ಳಂತೂ ಅತ್ತೇಬಿಟ್ಲು. ಅಂಟಿಸೋ ಜಾಗದಲ್ಲಿ ಎರಡೂ ಕಡೆ ಕಡ್ಡಿಯಿಂದ ಗೀರಿ, ಗಂಜಿ ಥರ ಕಲಸಿದ ಮಣ್ಣು ಸವರಿ ಒತ್ಬೇಕು, ಆಮೇಲೆ ನೆರಳಲ್ಲೇ ಒಣಗಿಸ್ಬೇಕು, ಬಿಸಿಲಿಗಿಟ್ರೆ ಬಿರುಕು ಗ್ಯಾರಂಟಿ.

ನವೆಂಬರ್ 1ಕ್ಕೆ ಹಳದಿ ಕೆಂಪು ಕಾಗದದ ತೋರಣ, ಅದ್ರಲ್ಲಿ ಹೇಳೋದೇನಿಲ್ಲ. ಸಂಕ್ರಾಂತಿಗೆ ಚುಕ್ಕಿ ರಂಗೋಲಿ, ನಡುವೆ 7, ಎರಡೂ ಕಡೆ 6, 5, 4 ಅಂತ ಇಳಿಸ್ಕೊಂಡ್ ಹೋದ್ರೆ ಒಟ್ಟು 37 ಚುಕ್ಕಿ, ಲೆಕ್ಕಾನೂ ಆಯ್ತು. ಹುಡುಗ್ರನ್ನ ಕಬ್ಬು ಹಂಚೋಕ್ ಕಳಿಸ್ಬೇಡಿ, ಅವ್ರೂ ಹಾಕ್ಲಿ.