ಮೊಣಕೈ ಮೇಲಿನ ಹೊಟ್ಟು ಉಜ್ಜಿದರೆ ಹೋಗುವುದಲ್ಲ

ಧಾರವಾಡದ ನಮ್ಮ ಅತ್ತೆ ಚಳಿಗಾಲ ಬಂತೆಂದರೆ ಬಚ್ಚಲಲ್ಲಿ ಕೂತು, ಹಿಮ್ಮಡಿ ಉಜ್ಜುವ ಕಲ್ಲಿನಿಂದ ಮೊಣಕೈ ಉಜ್ಜುತ್ತಿದ್ದರು. ಬೆಳ್ಳಗಿನ ಹೊಟ್ಟು ಉದುರುತ್ತಿತ್ತು. ಅದರ ಕೆಳಗೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು. ಕೆಲವೇ ದಿನಗಳಲ್ಲಿ ಹೊಟ್ಟು ಮತ್ತೆ ಹಾಜರ್! ಅದು ಸೋರಿಯಾಸಿಸ್ ಎಂಬ ಚರ್ಮರೋಗ. ಕೊಳೆಯಲ್ಲ, ಅಂಟುರೋಗವೂ ಅಲ್ಲ.

ಹೆಜ್ಜೆ 1: ಒಳಗೇನು ನಡೆದಿದೆ, ತಿಳಿಯಿರಿ

ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಸಣ್ಣ ಪ್ರೋಟೀನ್‌ಗಳೇ ಸೈಟೋಕೈನ್. ಗಾಯವಾದಾಗ, ಸೋಂಕು ತಗುಲಿದಾಗ ಇವು ಬೇಕೇ ಬೇಕು. ಸೋರಿಯಾಸಿಸ್‌ನಲ್ಲಿ ಮಾತ್ರ ಸುದ್ದಿ ನಿಲ್ಲುವುದೇ ಇಲ್ಲ. ಚರ್ಮದಲ್ಲಿ ಕಾವಲಿರುವ ಡೆಂಡ್ರಿಟಿಕ್ ಕೋಶಗಳು ಐಎಲ್-23 ಎಂಬ ಸೈಟೋಕೈನ್ ಬಿಡುತ್ತವೆ. ಅದು ಮುಟ್ಟಿದ ಟಿ ಕೋಶಗಳೆಂಬ ನಿರೋಧಕ ಕೋಶಗಳು ಐಎಲ್-17 ಎಂಬ ಇನ್ನೊಂದನ್ನು ಸುರಿಸುತ್ತವೆ. ಆಗ ಚರ್ಮದ ಕೋಶಗಳಿಗೆ ಎಲ್ಲಿಲ್ಲದ ಅವಸರ. ಸುಮಾರು ತಿಂಗಳು ಹಿಡಿಯುವ ಬೆಳವಣಿಗೆ ವಾರದೊಳಗೇ ಮುಗಿಯುತ್ತದೆ. ಸರಿಯಾಗಿ ಬಲಿಯದ ಕೋಶಗಳು ಒಂದರ ಮೇಲೊಂದು ಕೂತು ಹೊಟ್ಟಾಗುತ್ತವೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಚರ್ಮದ ಕೋಶಗಳೂ ತಿರುಗಿ ಸುದ್ದಿ ಕಳಿಸಿ ಇನ್ನಷ್ಟು ನಿರೋಧಕ ಕೋಶಗಳನ್ನು ಕರೆಸುತ್ತವೆ. ಟಿಎನ್‌ಎಫ್ ಎಂಬ ಮತ್ತೊಂದು ಸೈಟೋಕೈನ್ ಈ ಉರಿಗೆ ಗಾಳಿ ಹಾಕುತ್ತದೆ. ಕಟ್ಟೆ ಮೇಲೆ ಒಬ್ಬ ಹಬ್ಬಿಸಿದ ಸುದ್ದಿ ಓಣಿ ಸುತ್ತಿ ಬಂದಾಗ, ಹಬ್ಬಿಸಿದವನೇ ನಂಬುತ್ತಾನಲ್ಲ, ಹಾಗೆ.

ಹೆಜ್ಜೆ 2: ಕಲ್ಲು ಬಿಡಿ

ಉಜ್ಜಿ ಗಾಯವಾದ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ, ಮೈ ಉಜ್ಜದೆ ಬಟ್ಟೆ ಮೆಲ್ಲಗೆ ಒತ್ತಿ ನೀರು ತೆಗೆದು, ಹಸಿ ಇರುವಾಗಲೇ ವ್ಯಾಸಲೀನ್ ಹಚ್ಚಿ.

ಹೆಜ್ಜೆ 3: ಸುಮ್ನೆ ಟ್ಯೂಬ್ ಕೊಳ್ಳಬೇಡಿ

ಗಜಕರ್ಣ ಅಂದುಕೊಂಡು ಅಂಗಡಿಯಲ್ಲಿ ಕೇಳಿದರೆ ಎಷ್ಟೋ ಸಲ ಕೈಗೆ ಬರುವುದು ಜೋರಾದ ಸ್ಟೀರಾಯ್ಡ್ ಇರುವ ಮುಲಾಮು. ಹಚ್ಚಿದಾಗ ಮಾಯ. ತುಂಬಾ ದಿನ ಹಚ್ಚಿ ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಜಾಸ್ತಿ.

ಹೆಜ್ಜೆ 4: ಚರ್ಮದ ಡಾಕ್ಟರಿಗೆ ತೋರಿಸಿ

ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಹೆಸರಾಗಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ (ಈಗ ಕೆಎಂಸಿಆರ್‌ಐ) ಚರ್ಮರೋಗ ವಿಭಾಗವಿದೆ. ಬೆಳಿಗ್ಗೆ ಎದ್ದಾಗ ಬೆರಳ ಗೆಣ್ಣು ಬಿಗಿದಂತಾದರೆ ಮರೆಯದೆ ಹೇಳಿ. ಈ ರೋಗ ಕೆಲವರಲ್ಲಿ ಕೀಲಿಗೂ ಇಳಿಯುತ್ತದೆ. ನಿರೋಧಕ ಕೋಶಗಳ ಅಬ್ಬರ ತಗ್ಗಿಸುವ ಮೆಥೋಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೊಮ್ಮೆಯ ಮಾತ್ರೆ. ದಿನಾ ನುಂಗಿದರೆ ಜೀವಕ್ಕೇ ಅಪಾಯ.

ರೋಗ ಜೋರಿದ್ದವರಿಗೆ ಸುದ್ದಿಯನ್ನೇ ತಡೆಯುವ ಇಂಜೆಕ್ಷನ್‌ಗಳಿವೆ. ಅಡಾಲಿಮುಮ್ಯಾಬ್ ಟಿಎನ್‌ಎಫ್ ತಡೆಯುತ್ತದೆ, ಸೆಕುಕಿನುಮ್ಯಾಬ್ ಐಎಲ್-17, ಗುಸೆಲ್ಕುಮ್ಯಾಬ್ ಐಎಲ್-23. ದುಬಾರಿ ಅನ್ನುವುದು ನಿಜ. ಕೊಡುವ ಮೊದಲು ಟಿಬಿ ಪರೀಕ್ಷೆ ಮಾಡುತ್ತಾರೆ. ಏಕೆಂದರೆ ಮೈಯೊಳಗೆ ಮಲಗಿರುವ ಟಿಬಿಯನ್ನು ಅದುಮಿಡುವುದರಲ್ಲಿ ಟಿಎನ್‌ಎಫ್‌ನ ಪಾಲು ದೊಡ್ಡದು.

ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಅತ್ತೆಯ ಚೀಲದಲ್ಲಿ ಏಳು ಸಿಕ್ಕವು.