‘ಹೆವಿ’ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಹೆವಿ ಬಿಸಿಲು, ಹೆವಿ ರೇಟು, ಊಟ ಹೆವಿ ಆಯ್ತು. ನಮ್ಮ ಮಾತಿನಲ್ಲಿ ‘ಹೆವಿ’ ಎಲ್ಲಿ ಹಾಕಿದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಮಾತಾಡುವಾಗ ಮಾತ್ರ ಸ್ವಲ್ಪ ನೋಡಿಕೊಂಡು ಹಾಕಬೇಕು.

ಮೊದಲು ಉಚ್ಚಾರಣೆ. ಸ್ಪೆಲಿಂಗ್ ಎಚ್-ಇ-ಎ-ವಿ-ವೈ. ‘ಇಎ’ ನೋಡಿ ‘ಹೀವಿ’ ಅನ್ನಬೇಡಿ. ಹೆಡ್, ಬ್ರೆಡ್, ರೆಡಿ ಇದ್ದ ಹಾಗೆ ಇದೂ ಹೆವಿ.

ಎರಡನೆಯದು ತೂಕದ ಅರ್ಥ. ‘ದಿಸ್ ಬ್ಯಾಗ್ ಈಸ್ ಹೆವಿ’ ಅಂದರೆ ಬ್ಯಾಗು ಭಾರವಾಗಿದೆ. ತೂಕ ಎಷ್ಟು ಎಂದು ಕೇಳುವಾಗಲೂ ‘ಹೌ ಹೆವಿ ಈಸ್ ಇಟ್?’ ಎನ್ನಬಹುದು, ವಸ್ತು ಹಗುರವಾಗಿದ್ದರೂ ಸರಿ. ಲಾರಿಗಳ ವಿಷಯದಲ್ಲಿ ಈ ಪದಕ್ಕೆ ಕಾನೂನೇ ಗೆರೆ ಹಾಕಿದೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಒಟ್ಟು ತೂಕ 12,000 ಕೆ.ಜಿ. ದಾಟಿದ ಸರಕು ವಾಹನವೇ ‘ಹೆವಿ ಗೂಡ್ಸ್ ವೆಹಿಕಲ್’.

ಮೂರನೆಯದರಲ್ಲಿ ನಾವು ಜಾಸ್ತಿ ಎಡವುತ್ತೇವೆ. ಕನ್ನಡದಲ್ಲಿ ಮಳೆ ಜೋರು, ಗಾಳಿ ಜೋರು, ಸದ್ದು ಜೋರು, ಜ್ವರವೂ ಜೋರು. ಒಂದೇ ಪದದಲ್ಲಿ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪದ: ಹೆವಿ ರೈನ್, ಸ್ಟ್ರಾಂಗ್ ವಿಂಡ್, ಲೌಡ್ ನಾಯ್ಸ್, ಹೈ ಫೀವರ್. ‘ಹೆವಿ ಫೀವರ್’ ಅಂದರೆ ಡಾಕ್ಟರಿಗೆ ಅರ್ಥವಾಗುತ್ತದೆ, ಆದರೆ ಅದು ಸರಿಯಾದ ಇಂಗ್ಲಿಷ್ ಅಲ್ಲ. ಗಟ್ಟಿ ಕಾಫಿಯೂ ‘ಸ್ಟ್ರಾಂಗ್’, ‘ಹೆವಿ’ ಅಲ್ಲ. ಇದಕ್ಕೆ ಸೂತ್ರ ಹುಡುಕುವುದು ಸುಮ್ನೆ. ಜೋಡಿಯನ್ನೇ ಬಾಯಿಪಾಠ ಮಾಡಿಬಿಡಿ.

ಅಂದ ಹಾಗೆ, ಮಳೆಯ ‘ಹೆವಿ’ಗೂ ಲೆಕ್ಕ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಹವಾಮಾನ ಇಲಾಖೆಯ ಭಾಷೆಯಲ್ಲಿ ಅದು ‘ಹೆವಿ’. ಅಲ್ಲಿಂದ 204.4ರವರೆಗೆ ‘ವೆರಿ ಹೆವಿ’. ಅದನ್ನೂ ಮೀರಿದರೆ ‘ಎಕ್ಸ್‌ಟ್ರೀಮ್ಲಿ ಹೆವಿ’. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನವರು ಪೇಪರಿನಲ್ಲಿ ಓದುವ ಭಾರಿ ಮಳೆ, ಅತಿ ಭಾರಿ ಮಳೆ ಇವೇ.

ನಾಲ್ಕನೆಯದು ದುಡ್ಡಿನ ಮಾತು. ದಂಡ ಜಾಸ್ತಿಯಾದರೆ ‘ಹೆವಿ ಫೈನ್’, ನಷ್ಟ ಜಾಸ್ತಿಯಾದರೆ ‘ಹೆವಿ ಲಾಸ್’. ಎರಡೂ ಸರಿ. ಆದರೆ ಸ್ಕೂಲ್ ಫೀಸ್ ‘ಹೈ’, ಟೊಮೆಟೊ ಬೆಲೆಯೂ ‘ಹೈ’. ಹಾಗಾದರೆ ‘ಹೆವಿ ಪ್ರೈಸ್’ ಅಂತ ಹೇಳುವುದೇ ಇಲ್ವಾ? ಹೇಳುತ್ತಾರೆ, ಬೇರೆ ಅರ್ಥದಲ್ಲಿ. ‘ಹಿ ಪೇಯ್ಡ್ ಎ ಹೆವಿ ಪ್ರೈಸ್’ ಅಂದರೆ ಮಾಡಿದ್ದಕ್ಕೆ ಸರಿಯಾಗಿ ಅನುಭವಿಸಿದ ಎಂದು. ಸಂತೆಗೂ ಅದಕ್ಕೂ ಸಂಬಂಧವಿಲ್ಲ.

ಮನುಷ್ಯರಿಗೆ ಬಳಸುವಾಗ ಇನ್ನೂ ಹುಷಾರು. ‘ಹೆವಿ ಸ್ಮೋಕರ್’ ಅಂದರೆ ವಿಪರೀತ ಸೇದುವವನು. ‘ಹೆವಿ ಸ್ಲೀಪರ್’ ಅಂದರೆ ದಪ್ಪಗಿರುವವನೂ ಅಲ್ಲ, ದಿನವಿಡೀ ಮಲಗುವವನೂ ಅಲ್ಲ. ಪಕ್ಕದಲ್ಲಿ ಡೋಲು ಬಾರಿಸಿದರೂ ಎಚ್ಚರವಾಗದವನು. ಬರೀ ‘ಶಿ ಈಸ್ ಹೆವಿ’ ಅಂದರೆ ಮಾತ್ರ ದಪ್ಪ ಅಂತಲೇ ಅರ್ಥ. ಎದುರಿಗೆ ಹೇಳದಿರುವುದು ಒಳ್ಳೆಯದು.

ಅನುಮಾನ ಬಂದಾಗ ಹೀಗೆ ಮಾಡಿ. ‘ಹೆವಿ’ ಜಾಗದಲ್ಲಿ ‘ಲೈಟ್’ ಇಟ್ಟು ನೋಡಿ. ಲೈಟ್ ರೈನ್, ಲೈಟ್ ಟ್ರಾಫಿಕ್, ಲೈಟ್ ಮೀಲ್, ಲೈಟ್ ಸ್ಲೀಪರ್ ಎಲ್ಲವೂ ಸರಿ. ಹಾಗಾಗಿ ಅಲ್ಲೆಲ್ಲ ‘ಹೆವಿ’ ಕೂಡ ನಡೆಯುತ್ತದೆ. ಹಾಗಂತ ಪೂರ್ತಿ ನಂಬಬೇಡಿ. ‘ಲೈಟ್ ವಿಂಡ್’ ಇದೆ, ಆದರೂ ಜೋರು ಗಾಳಿ ‘ಸ್ಟ್ರಾಂಗ್’ ಅಲ್ವಾ?

ಕೊನೆಗೆ ಪದದ ರೂಪಗಳು. ಕ್ರಿಯೆಯ ಜೊತೆ ಬಂದರೆ ‘ಹೆವಿಲಿ’: ‘ಇಟ್ ರೈನ್ಡ್ ಹೆವಿಲಿ’. ಹೋಲಿಸುವಾಗ ‘ಹೆವಿಯರ್’ ಅನ್ನಿ, ‘ಮೋರ್ ಹೆವಿ’ ಬೇಡ. ಬರೆಯುವಾಗ ಕೊನೆಯ ‘ವೈ’ ಹೋಗಿ ‘ಐ’ ಬರುತ್ತದೆ.